ಆಯ್ದಕ್ಕಿಯ ನಗೆ: ಕಾಯಕದ ಹೆಸರುಗಳೂ ಶರಣರ ಶ್ಲೇಷೆಯೂ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದುತ್ತ ಹೋದರೆ ಸಂತೆಯ ಬೀದಿಯಲ್ಲಿ ನಡೆದಂತಾಗುತ್ತದೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದಾರ ಕೇತಯ್ಯನವರು, ನುಲಿಯ ಚಂದಯ್ಯನವರು, ಗಾಣದ ಕಣ್ಣಪ್ಪನವರು, ತುರುಗಾಹಿ ರಾಮಣ್ಣನವರು, ಸುಂಕದ ಬಂಕಣ್ಣನವರು, ಹೆಂಡದ ಮಾರಯ್ಯನವರು. ಬಟ್ಟೆ ಒಗೆಯುವವರು, ಹೊಳೆ ದಾಟಿಸುವವರು, ಬಿದಿರು ಸೀಳುವವರು, ಹಗ್ಗ ಹೊಸೆಯುವವರು, ಎಣ್ಣೆ ತೆಗೆಯುವವರು, ದನ ಕಾಯುವವರು. ಕೊನೆಗೆ ಗೋಡೆಗೆ ಕನ್ನ ಕೊರೆಯುತ್ತಿದ್ದ ಕನ್ನದ ಮಾರಿತಂದೆಯವರು ಕೂಡ ಆ ಬೀದಿಯಲ್ಲಿದ್ದಾರೆ. ವಚನಗಳ ಭಕ್ತಿ, ಜ್ಞಾನ, ವೈರಾಗ್ಯಗಳನ್ನು ಕುರಿತು ವ್ಯಾಖ್ಯಾನಗಳು ವಿಪುಲವಾಗಿ ಬಂದಿವೆ. ಈ ಕಸುಬಿನ ಹೆಸರುಗಳ ಸುತ್ತ ಹುಟ್ಟಿಕೊಂಡ ನಗೆಯನ್ನು ಕುರಿತು ಬಂದದ್ದು ಕಡಿಮೆ. ಭಕ್ತಿಯ ಸನ್ನಿಧಿಯಲ್ಲಿ ನಗುವುದು ಅವಿನಯವೆಂಬ ಸಂಕೋಚ ಇದಕ್ಕೆ ಕಾರಣವಿದ್ದೀತು. ಆ ಸಂಕೋಚ ಶರಣರಿಗಂತೂ ಇರಲಿಲ್ಲ.

ಈ ನಗೆಯನ್ನು ಅರಿಯಲು ರಾಯಚೂರು ಜಿಲ್ಲೆಯ ಒಂದು ದಾರಿ ಬಹಳ ಸಹಾಯಕವಾಗಿದೆ. ಸಿಂಧನೂರಿನಿಂದ ಹೊರಟು ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಸೇರುವ ದಾರಿ ಅದು. ಸಿಂಧನೂರಿನ ತೆಂಕಣ ಗಡಿಯಲ್ಲಿ ತುಂಗಭದ್ರೆ ಹರಿಯುತ್ತಾಳೆ, ಲಿಂಗಸುಗೂರಿನ ಬಡಗಣ ಗಡಿಯಲ್ಲಿ ಕೃಷ್ಣೆ. ಎರಡು ಹೊಳೆಗಳ ನಡುವಣ ಈ ದೋಆಬದಲ್ಲಿ ಕಸುಬು, ಹೆಸರು, ಹಾಸ್ಯ ಈ ಮೂರರ ಸಂಬಂಧವನ್ನು ತೋರುವ ಕುರುಹುಗಳು ದಾರಿಯುದ್ದಕ್ಕೂ ದೊರೆಯುತ್ತವೆ.

ನಾಡಿನಲ್ಲಿ ಕಸುಬನ್ನು ಕುರಿತ ಹಾಸ್ಯ ಹಳೆಯದು. ಅದು ಬಹುಮಟ್ಟಿಗೆ ಹೊರಗಿನವರ ಹಾಸ್ಯ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆಯನ್ನು ನೋಡಬಹುದು. ಅಕ್ಕಸಾಲಿ ಎಂಬುದು ಸಂಸ್ಕೃತದ ‘ಅಕ್ಷಶಾಲಿ’ಯ ತದ್ಭವವೆಂದು ಪಂಡಿತರು ಹೇಳುತ್ತಾರೆ, ಆ ಪದದಲ್ಲಿ ಒಡಹುಟ್ಟಿದ ಅಕ್ಕ ಇಲ್ಲವೇ ಇಲ್ಲ. ಗಾದೆ ಕಟ್ಟಿದವನ ಕಿವಿ ಅಲ್ಲಿ ಅಕ್ಕನನ್ನು ಕೇಳಿಸಿಕೊಂಡಿತು, ಕೇಳಿಸಿಕೊಂಡ ತಕ್ಷಣ ಒಂದು ಕುಲವೇ ಕಳ್ಳಕುಲವಾಯಿತು. ಶ್ಲೇಷೆಯ ಬಲ ಇರುವುದು ಇಲ್ಲಿಯೇ. ಆರೋಪವೆಂದು ನೇರವಾಗಿ ಆಡಿದ್ದರೆ ಸಾಕ್ಷಿ ಬೇಕಾಗುತ್ತಿತ್ತು. ಶಬ್ದವೇ ಸಾಕ್ಷಿ ನುಡಿದಂತೆ ತೋರುವುದರಿಂದ ಅಕ್ಕಸಾಲಿಗೆ ಉತ್ತರ ಕೊಡಲು ಎಡೆಯೇ ಉಳಿಯಲಿಲ್ಲ. ನಕ್ಕವರು ಗೆದ್ದರು.

ಶರಣರು ಮಾಡಿದ್ದು ಆ ಉತ್ತರವನ್ನು ಕೊಡುವ ಕೆಲಸ. ಅದನ್ನು ಎಲ್ಲರಿಗಿಂತ ಗಟ್ಟಿಯಾದ ದನಿಯಲ್ಲಿ ಮಾಡಿದವರು ಅಂಬಿಗರ ಚೌಡಯ್ಯನವರು. ಸಿಂಧನೂರಿನ ಗಡಿಯಲ್ಲಿ ಹರಿಯುವ ಅದೇ ತುಂಗಭದ್ರೆಯ ಮೇಲುದಂಡೆಯಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ, ಅವರು ದೋಣಿ ನಡೆಸಿದರೆಂಬುದು ಪರಂಪರೆ. ಅವರ ಒಂದು ಪ್ರಸಿದ್ಧ ವಚನ ಆರಂಭವಾಗುವುದೇ ಬೈಗುಳದಿಂದ. ತಮ್ಮನ್ನು ಜನರು ‘ಅಂಬಿಗ, ಅಂಬಿಗ’ ಎಂದು ಹಳಿಯುವುದನ್ನು ಅವರು ಮೊದಲು ಎತ್ತಿಕೊಳ್ಳುತ್ತಾರೆ. ಹಾಗೆ ಕುಂದು ನುಡಿಯಬೇಡಿ ಎನ್ನುತ್ತಾರೆ. ನಂಬಿ ಬಂದರೆ ಒಂದೇ ಹುಟ್ಟಿನಲ್ಲಿ ದಡ ಮುಟ್ಟಿಸುವೆನೆಂದು ಮಾತು ಕೊಡುತ್ತಾರೆ. ಇಡೀ ವಚನ ನಿಂತಿರುವುದು ‘ಹುಟ್ಟು’ ಎಂಬ ಎರಡಕ್ಷರದ ಮೇಲೆ. ಹುಟ್ಟು ಎಂದರೆ ದೋಣಿ ನಡೆಸುವ ಕೋಲು. ಹುಟ್ಟು ಎಂದರೆ ಜನ್ಮವೂ ಹೌದು. ಒಂದೇ ಹುಟ್ಟು ಹಾಕಿ ಹೊಳೆ ದಾಟಿಸುವ ಅಂಬಿಗ ಚತುರ. ಒಂದೇ ಹುಟ್ಟಿನಲ್ಲಿ ಭವಸಾಗರ ದಾಟಿಸುವವನು ಗುರು.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಚೌಡಯ್ಯನವರನ್ನು ಹಳಿದವರಿಗೆ ಆಧಾರವಾಗಿದ್ದುದು ಅವರ ಹುಟ್ಟು, ಅಂದರೆ ಅವರು ಯಾವ ಕುಲದಲ್ಲಿ ಹುಟ್ಟಿದರೆಂಬುದು. ಆ ಹುಟ್ಟನ್ನು ಎತ್ತಿ ಆಡಿದವರ ಕೈಗೆ ಚೌಡಯ್ಯನವರು ದೋಣಿಯ ಹುಟ್ಟನ್ನು ತೋರಿಸುತ್ತಾರೆ. ಹೊಳೆಯ ನಡುವೆ ದೋಣಿಯಲ್ಲಿ ಕುಳಿತವನು, ಎಷ್ಟೇ ಉತ್ತಮ ಕುಲದವನಾಗಿರಲಿ, ಹುಟ್ಟು ಹಿಡಿದವನನ್ನು ಹಳಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲು ನಗು ಬರುತ್ತದೆ. ಬಳಿಕ ನಕ್ಕವನಿಗೆ ತಾನು ಯಾವ ದೋಣಿಯಲ್ಲಿ ಕುಳಿತಿದ್ದೇನೆಂಬುದು ಹೊಳೆಯುತ್ತದೆ. ಚೌಡಯ್ಯನವರು ಅಂಕಿತಕ್ಕೆ ಯಾವ ದೇವರ ಹೆಸರನ್ನೂ ಇಡದೆ, ಬೈಗುಳವಾಗಿದ್ದ ಅದೇ ಕಸುಬಿನ ಹೆಸರಿನೊಡನೆ ತಮ್ಮ ಹೆಸರನ್ನೇ ಇಟ್ಟುಕೊಂಡರು. ವಚನಕಾರರಲ್ಲಿ ಇದು ಅಪರೂಪ.

ಮಡಿವಾಳ ಮಾಚಿದೇವರ ಹೆಸರಿನಲ್ಲಿ ಇಂಥದೇ ಒಂದು ಗಂಟಿದೆ. ಮಡಿ ಎಂದರೆ ಒಗೆದ ಬಟ್ಟೆ, ಮಡಿ ಎಂದರೆ ಆಚಾರದ ಶುದ್ಧಿ. ಊರಿಗೆಲ್ಲ ಮಡಿಯನ್ನು ಹಂಚುವವನೇ ಮಡಿಯುಟ್ಟವರಿಗೆ ಮೈಲಿಗೆಯಾದ ವಿಪರ್ಯಾಸವನ್ನು ಕನ್ನಡ ಭಾಷೆ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ. ಪುರಾಣಗಳು ಚಿತ್ರಿಸುವ ಮಾಚಿದೇವರು ಈ ವಿಪರ್ಯಾಸವನ್ನು ತಲೆಕೆಳಗು ಮಾಡುತ್ತಾರೆ. ಶರಣರ ಬಟ್ಟೆಗಳನ್ನು ಒಗೆದು ಹೊತ್ತು ತರುವಾಗ ದಾರಿಯಲ್ಲಿ ಭವಿಗಳು ಯಾರೂ ಮುಟ್ಟಕೂಡದೆಂದು ಅವರು ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ಗಂಟೆ ಬಾರಿಸಿ ದೂರ ಸರಿಯಿರೆಂದು ಸಾರುವುದು ಯಾರ ಮೇಲೆ ಹೇರಿದ್ದ ಅವಮಾನವೆಂಬುದನ್ನು ಬಲ್ಲ ಕೇಳುಗರಿಗೆ ಈ ಪ್ರಸಂಗದ ಹಾಸ್ಯ ವಿವರಿಸಬೇಕಾಗಿರಲಿಲ್ಲ. ಒಗೆಯುವವನೇ ಈಗ ಮುಟ್ಟಬೇಡಿರೆನ್ನುತ್ತಿದ್ದಾನೆ.

ಕೃಷ್ಣೆಯ ಆಚೆ ದಡದ ಸುರಪುರ ಸೀಮೆಯ ಮುದನೂರಿನವರು ಜೇಡರ ದಾಸಿಮಯ್ಯನವರು. ಜೇಡ ಎಂದರೆ ನೇಕಾರ, ಜೇಡ ಎಂದರೆ ಬಲೆ ನೇಯುವ ಹುಳು. ತುರುಗಾಹಿ ರಾಮಣ್ಣನವರು ದನ ಕಾಯುವವರು. ಅವರ ಅಂಕಿತ ‘ಗೋಪತಿನಾಥ ವಿಶ್ವೇಶ್ವರಲಿಂಗ’. ಪಶುಗಳಿಗೆ ಒಡೆಯನಾದವನು ಪಶುಪತಿ, ಎಲ್ಲ ಜೀವಿಗಳೂ ಪಾಶಕ್ಕೆ ಸಿಕ್ಕ ಪಶುಗಳೇ ಎಂಬ ಶೈವಸಿದ್ಧಾಂತವನ್ನು ದನಗಾಹಿಯೊಬ್ಬರು ನುಡಿದಾಗ ಅದಕ್ಕೆ ಬರುವ ರುಚಿಯೇ ಬೇರೆ. ಶಿವನೂ ತಾವೂ ಒಂದೇ ಕಸುಬಿನವರು! ಮಾದಾರ ಚೆನ್ನಯ್ಯನವರ ಅಂಕಿತದಲ್ಲಂತೂ ಚರ್ಮಗೆಲಸದ ಉಳಿ, ಕತ್ತಿ, ಅಡಿಗೂಟಗಳೇ ಸಾಲಾಗಿ ಬಂದು ಕುಳಿತಿವೆ. ನುಲಿಯ ಚಂದಯ್ಯನವರ ಕಥೆಯಲ್ಲಿ ಲಿಂಗಕ್ಕೂ ಕಾಯಕ ತಪ್ಪಿದ್ದಲ್ಲ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಲಿಂಗವನ್ನು ಅವರು ಎತ್ತಿಕೊಳ್ಳಲಿಲ್ಲ. ಬೆನ್ನು ಹತ್ತಿ ಬಂದ ಲಿಂಗಯ್ಯನನ್ನು ಕೊನೆಗೆ ಹಗ್ಗ ಮಾರುವ ಕೆಲಸಕ್ಕೆ ಹಚ್ಚಿದರು.

ಎಲ್ಲ ಶ್ಲೇಷೆಯೂ ನಗಿಸುವುದಿಲ್ಲ. ಸೂಳೆ ಸಂಕವ್ವೆಯವರದು ದೊರೆತಿರುವುದು ಒಂದೇ ವಚನ. ಅದರಲ್ಲಿ ‘ಒತ್ತೆ’ ಎಂಬ ಶಬ್ದ ಬರುತ್ತದೆ. ಒತ್ತೆ ಎಂದರೆ ಆ ವೃತ್ತಿಯವರು ಮುಂಗಡ ಹಿಡಿಯುವ ಹಣ. ಒತ್ತೆ ಎಂದರೆ ಇಟ್ಟ ಮಾತಿನ ಅಡವೂ ಹೌದು. ಒಬ್ಬನ ಒತ್ತೆ ಹಿಡಿದವಳು ಇನ್ನೊಬ್ಬನದನ್ನು ಹಿಡಿಯಲಾಗದೆಂಬುದು ಅವರ ಕೇರಿಯ ಕಟ್ಟಳೆ. ಅದನ್ನೇ ಏಕದೇವನಿಷ್ಠೆಯ ಕಟ್ಟಳೆಯಾಗಿ ಆಕೆ ನುಡಿಯುತ್ತಾರೆ, ಕಟ್ಟಳೆ ಮೀರಿದವಳಿಗೆ ಒದಗುವ ಕ್ರೂರ ಶಿಕ್ಷೆಯನ್ನೂ ಮುಚ್ಚಿಡದೆ. ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆಗೆಟ್ಟವಳೆಂದು ಜಗತ್ತು ಅಂದ ಮಾತನ್ನು ಆಕೆ ದೇವರ ಹೆಸರಿಗೇ ಕಟ್ಟಿದರು. ಇಲ್ಲಿ ನಗೆ ತುಟಿಯವರೆಗೆ ಬಂದು ನಿಲ್ಲುತ್ತದೆ.

ಬಸವಣ್ಣನವರದು ಇದಕ್ಕಿಂತ ಹಗುರಾದ, ಆದರೆ ಚೂಪಾದ ದಾರಿ. ಕಬ್ಬಿಣ ಕಾಸಿದವನು ಕಮ್ಮಾರನಾದ, ಬಟ್ಟೆ ಬೀಸಿ ಒಗೆದವನು ಮಡಿವಾಳನಾದ, ನೂಲು ಹಾಸಿದವನು ನೇಕಾರನಾದ ಎಂಬ ಅರ್ಥದ ಅವರ ವಚನದಲ್ಲಿ ಮೂರು ಕ್ರಿಯಾಪದಗಳೂ ಪ್ರಾಸದಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಕೇಳುಗನು ಆ ಲಯಕ್ಕೆ ತಲೆದೂಗುತ್ತಿರುವಾಗಲೇ ಅದೇ ಸಾಲಿನಲ್ಲಿ ನಾಲ್ಕನೆಯ ಕೂಲಿಯವನಾಗಿ ವೇದ ಓದಿದ ಹಾರುವನು ಬಂದು ನಿಲ್ಲುತ್ತಾನೆ. ಯಾರೂ ಅವನನ್ನು ಬಯ್ಯಲಿಲ್ಲ, ಅಲ್ಲಿ ನಿಲ್ಲಿಸಿದರು ಅಷ್ಟೆ. ಆಮೇಲೆ ಲೋಕದಲ್ಲಿ ಕಿವಿಯಿಂದ ಹುಟ್ಟಿದವರು ಯಾರಾದರೂ ಉಂಟೇ ಎಂಬ ಪ್ರಶ್ನೆ. ಕರ್ಣ ಎಂದರೆ ಕಿವಿ. ಆ ಶಬ್ದ ಕೇಳಿದೊಡನೆ ಮಹಾಭಾರತದ ಸೂತಪುತ್ರನೂ ನೆನಪಾಗದೆ ಇರುವುದಿಲ್ಲ, ಹುಟ್ಟಿನ ನೆವದಲ್ಲಿ ಜೀವನವಿಡೀ ಹಳಿಸಿಕೊಂಡ ಆ ಕರ್ಣ. ಈ ವಚನವನ್ನು ಪ್ರವಚನಗಳಲ್ಲಿ ಬಹು ಗಂಭೀರವಾಗಿ ಓದುವುದು ರೂಢಿ. ಒಮ್ಮೆಯಾದರೂ ನಗುತ್ತ ಓದಿದರೆ ಅದರ ಪೆಟ್ಟು ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಹೀಗೆ ಕೆಳಗಿದ್ದ ಹೆಸರುಗಳು ಮೇಲಕ್ಕೆ ಏರಿದ್ದಕ್ಕೆ ವಿರುದ್ಧವಾದ ಪಯಣದ ಗುರುತು ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿ ಅಶೋಕನ ಶಾಸನವನ್ನು ಕಂಡರು. ನಿಜಾಮ ಸಂಸ್ಥಾನದ ಈ ಭಾಗದಲ್ಲಿ ಆಗ ಚಿನ್ನದ ಶೋಧ ನಡೆದಿತ್ತು. ಹಟ್ಟಿಯ ಗಣಿ ಇಲ್ಲಿಂದ ದೂರವಲ್ಲ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಅಶೋಕನೆಂಬ ಹೆಸರು ಇರಲಿಲ್ಲ. ಮಸ್ಕಿಯಲ್ಲಿ ಬಿರುದೂ ಹೆಸರೂ ಒಟ್ಟಿಗೆ ದೊರೆತವು, ಬಿರುದು ಯಾರದೆಂಬ ಚರ್ಚೆ ಮುಗಿಯಿತು.

ದೇವಾನಾಂಪ್ರಿಯನೆಂದರೆ ದೇವತೆಗಳಿಗೆ ಪ್ರಿಯನಾದವನು. ಅರಸನ ಬಿರುದಾದ ಈ ಪದ ಮುಂದೆ ಪಟ್ಟ ಪಾಡು ವಿಚಿತ್ರವಾದುದು. ಸಂಸ್ಕೃತ ವ್ಯಾಕರಣದ ಪರಂಪರೆಯಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥ ಅಂಟಿಕೊಂಡಿತು. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯನ್ನು ಓದಿದ ವಿದ್ಯಾರ್ಥಿಗಳಿಗೆ ದೇವಾನಾಂಪ್ರಿಯನೆಂದರೆ ದಡ್ಡ. ಬೌದ್ಧ ಅರಸನ ಬಿರುದಿನ ಮೇಲೆ ವೈದಿಕ ವಿದ್ವಾಂಸರು ಹರಿಸಿದ ನಗೆ ಇದೆಂದು ಅನೇಕರು ಊಹಿಸಿದ್ದಾರೆ. ಕಾರಣ ಏನೇ ಇರಲಿ, ಬಂಡೆಯ ಮೇಲೆ ಕೊರೆಸಿದ ಬಿರುದು ಕೂಡ ನಗೆಯ ಮುಂದೆ ನಿಲ್ಲಲಿಲ್ಲ. ಆ ಶಾಸನದ ಹುರುಳಿನಲ್ಲಿ ಇನ್ನೊಂದು ಗಮನಾರ್ಹ ಸಂಗತಿಯಿದೆ: ದೊಡ್ಡವರಿಗೆ ಮಾತ್ರವೇ ಇದು ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಚಿಕ್ಕವನೂ ಆ ಎತ್ತರವನ್ನು ಪಡೆಯಬಲ್ಲನೆಂದು ಅರಸ ಹೇಳಿಸಿದ್ದಾನೆ. ಚಿಕ್ಕವನ ಪರವಾಗಿ ಅರಸ ನುಡಿದ ಮಾತು ಅದು. ಅದಾಗಿ ಸುಮಾರು ಸಾವಿರದ ನಾಲ್ಕುನೂರು ವರ್ಷಗಳ ಮೇಲೆ, ಅದೇ ಸೀಮೆಯ ಚಿಕ್ಕವರು ತಮ್ಮ ಪರವಾಗಿ ತಾವೇ ನುಡಿದರು. ಅರಸರ ಬಗೆಗೂ ಎರಡು ಮಾತು ಆಡಿದರು. ಆ ಮಾತು ಮುಂದೆ ಬರುತ್ತದೆ.

ಆ ಚಿಕ್ಕವರು ಆಯ್ದಕ್ಕಿ ಮಾರಯ್ಯನವರು ಮತ್ತು ಅವರ ಧರ್ಮಪತ್ನಿ ಲಕ್ಕಮ್ಮನವರು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸಮೀಪದ ಅಮರೇಶ್ವರ ಕ್ಷೇತ್ರ ಅವರ ಮೂಲನೆಲೆಯೆಂದು ಪರಂಪರೆ ಹೇಳುತ್ತದೆ. ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಇಲ್ಲಿಂದ ಅವರು ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಿ ನೆಲೆಸಿದರು. ಅಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ.

ಉಳಿದ ಶರಣರ ಹೆಸರಿನಲ್ಲಿ ಕೈಕಸುಬೊಂದು ಇದೆ, ಆ ಕಸುಬಿಗೆ ಊರಿನಲ್ಲಿ ಒಂದು ಸ್ಥಾನವಿದೆ. ಹಳ್ಳಿಯ ವ್ಯವಸ್ಥೆಯಲ್ಲಿ ಕಮ್ಮಾರ, ಬಡಿಗ, ಮಡಿವಾಳ, ನಾವಿದ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ರಾಶಿಯಿಂದ ಸಲ್ಲುವ ಪಾಲಿಗೆ ‘ಆಯ’ ಎನ್ನುತ್ತಿದ್ದರು. ಮಾರಯ್ಯನವರಿಗೆ ಕಸುಬೂ ಇಲ್ಲ, ಆಯವೂ ಇಲ್ಲ. ಅವರದು ಆಯದ ಅಕ್ಕಿಯಲ್ಲ, ಆಯ್ದ ಅಕ್ಕಿ. ಇದು ನಿಷ್ಪತ್ತಿಯ ಮಾತಲ್ಲ, ಕೇವಲ ಕಿವಿಯ ಆಟ. ಆದರೆ ರಾಶಿಯಲ್ಲಿ ಪಾಲಿದ್ದವನಿಗೂ ರಾಶಿ ಎತ್ತಿದ ಮೇಲೆ ನೆಲ ಗುಡಿಸುವವನಿಗೂ ಇರುವ ಅಂತರವನ್ನು ಆ ಎರಡು ಶಬ್ದಗಳ ನಡುವಣ ಒಂದು ಒತ್ತಕ್ಷರ ತೋರಿಸಿಬಿಡುತ್ತದೆ. ಕುಯಿಲಾದ ಹೊಲದಲ್ಲಿ ಬಿದ್ದ ತೆನೆ ಆರಿಸುವುದಕ್ಕೆ ಹಕ್ಕಲಾಯುವುದೆಂಬ ಮಾತಿದೆ. ಯಾರೂ ಇಲ್ಲದವರು, ಏನೂ ಇಲ್ಲದವರು ಮಾಡುವ ಕೆಲಸ ಅದು. ಇಂದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸುತ್ತ ಕಣ್ಣು ಹರಿಯುವವರೆಗೆ ನೆಲ್ಲು ಬೆಳೆಯುತ್ತದೆ, ಅಕ್ಕಿ ಗಿರಣಿಗಳು ಸಾಲುಗಟ್ಟಿ ನಿಂತಿವೆ. ಆ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಅದಕ್ಕೆ ಮೊದಲು ಈ ಸೀಮೆ ಮುಖ್ಯವಾಗಿ ಜೋಳದ ಸೀಮೆ. ಜೋಳದ ನಾಡಿನಿಂದ ಹೋದ ದಂಪತಿಗಳು ಪರರ ಅಂಗಳದಲ್ಲಿ ಅಕ್ಕಿ ಆಯ್ದರೆಂಬುದನ್ನು ನೆನೆದರೆ ಆ ಹೆಸರಿನ ಬಡತನ ಇನ್ನಷ್ಟು ಸ್ಪಷ್ಟವಾಗುತ್ತದೆ.

ಆದರೆ ‘ಆಯ್’ ಎಂಬ ಧಾತುವಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ. ಆಯುವುದ ಎಂದರೆ ಹೆಕ್ಕುವುದು. ಆಯುವುದು ಎಂದರೆ ಒಳ್ಳೆಯದನ್ನು ನೋಡಿ ಆರಿಸುವುದು. ಆಯ್ದ ಅಕ್ಕಿ ಎಂದರೆ ನೆಲದಿಂದ ಹೆಕ್ಕಿದ ಅಕ್ಕಿ. ಆಯ್ದ ಅಕ್ಕಿ ಎಂದರೆ ಕಲ್ಲು, ಹೊಟ್ಟು ತೆಗೆದು ಆರಿಸಿದ ಅಕ್ಕಿ. ಗಂಡ ಮೊದಲ ಅರ್ಥದಲ್ಲಿ ಆಯ್ದು ತಂದರು. ಎರಡನೆಯ ಅರ್ಥದಲ್ಲಿ ಆಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅದು ಹೇಗೆಂಬುದೇ ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ.

ಕಾಯಕವೇ ಕೈಲಾಸವೆಂಬ ನುಡಿಯನ್ನು ಇಂದು ಕೇಳದವರಿಲ್ಲ. ಅದು ಮಾರಯ್ಯನವರ ವಚನದಿಂದ ಬಂದ ನುಡಿ. ಕಾಯಕದಲ್ಲಿ ತೊಡಗಿದವನು ಗುರು ಎದುರಿಗೆ ಬಂದರೂ ಲಿಂಗಪೂಜೆಯ ಹೊತ್ತಾದರೂ ಕಾಯಕ ಬಿಡಬಾರದೆಂದು ಹೇಳಿದವರೂ ಅವರೇ. ಹೀಗೆ ಹೇಳಿದ ಮಾರಯ್ಯನವರು ಒಂದು ದಿನ ಅಲ್ಲಮಪ್ರಭುದೇವರೊಡನೆ ತತ್ತ್ವದ ಮಾತಿಗೆ ಕುಳಿತು, ಹೊತ್ತು ಹೋದುದನ್ನು ಅರಿಯದೆ, ಅಕ್ಕಿ ಆಯುವುದನ್ನೇ ಮರೆತರು. ಕಾಯಕದ ಹಿರಿಮೆಯನ್ನು ಬಲ್ಲವರು ಮಾತಿನಲ್ಲಿ ಮುಳುಗಿ ಕಾಯಕವನ್ನು ತಪ್ಪಿಸಿಕೊಂಡರು. ಲಕ್ಕಮ್ಮನವರು ಬಂದು, ಕಾಯಕ ನಿಂತಿದೆ, ಹೋಗಿರೆಂದು ಎಬ್ಬಿಸಿದರು. ಅನುಭಾವಿಗಳ ಗೋಷ್ಠಿಗೆ ಅಡಿಗೆಮನೆಯ ತುರ್ತು ನುಗ್ಗಿತು. ಸರ್ಕಾರಿ ಕಚೇರಿಗಳ ಗೋಡೆಯ ಮೇಲೆ ಕಾಯಕದ ನುಡಿಯನ್ನು ಓದುತ್ತ ಕುಳಿತ ಜನ ‘ಇಲ್ಲಿ ಕಾಯುವುದೇ ಕಾಯಕ’ ಎಂದು ನಗುವುದುಂಟು. ಆ ನಗೆಯ ತಾಯಿಬೇರು ಈ ಪ್ರಸಂಗದಲ್ಲಿಯೇ ಇದೆ. ನುಡಿಯನ್ನು ಹುಟ್ಟಿಸಿದವರನ್ನು ಮೊದಲು ನುಡಿಯಿಂದ ಎಬ್ಬಿಸಿ ಕೆಲಸಕ್ಕೆ ಕಳಿಸಿದವರು ಅವರ ಮಡದಿಯೇ.

ಲಗುಬಗೆಯಿಂದ ಹೋದ ಮಾರಯ್ಯನವರು ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಕಥೆ. ಬಡವರ ಮನೆಗೆ ಒಂದು ದಿನ ಹೆಚ್ಚು ಅಕ್ಕಿ ಬಂದರೆ ಹಿಗ್ಗಬೇಕು. ಲಕ್ಕಮ್ಮನವರು ಹಿಗ್ಗಲಿಲ್ಲ. ಆಗ ಅವರಾಡಿದ ವಚನದಲ್ಲಿ ‘ಒಮ್ಮನ’, ‘ಇಮ್ಮನ’ ಎಂಬ ಎರಡು ಶಬ್ದಗಳು ಬರುತ್ತವೆ. ಒಮ್ಮನವೆಂದರೆ ಒಂದೇ ಮನಸ್ಸು, ಇಮ್ಮನವೆಂದರೆ ಎರಡು ಮನಸ್ಸು. ‘ಮಾನ’ ಎಂಬುದು ಶಾಸನಗಳಲ್ಲಿ ಎಣ್ಣೆ, ಕಾಳುಗಳನ್ನು ಅಳೆಯುವ ಅಳತೆಯ ಹೆಸರು. ಒಂದು ಮಾನ ಒಮ್ಮಾನ. ಒಮ್ಮನಕ್ಕೂ ಒಮ್ಮಾನಕ್ಕೂ ಒಂದು ದೀರ್ಘದಷ್ಟೇ ಅಂತರ. ಅಕ್ಕಿಯ ಚೀಲವನ್ನು ಮುಂದಿಟ್ಟುಕೊಂಡು, ಒಮ್ಮನ ಮೀರಿ ಇಮ್ಮನದಲ್ಲಿ ತಂದಿರಲ್ಲಾ ಎಂಬ ಅರ್ಥದ ಮಾತನ್ನು ಕೇಳಿದ ಕಿವಿಗೆ ಅಕ್ಕಿಯ ಅಳತೆ ಕೇಳದೆ ಇರಲಾರದು. ಚೀಲದಲ್ಲಿ ಎಷ್ಟು ಮಾನ ಹೆಚ್ಚಾಯಿತೋ ಮನದಲ್ಲಿ ಅಷ್ಟು ಬಿರುಕು. ಅದೇ ಉಸಿರಿನಲ್ಲಿ, ಇದು ನಿಮ್ಮ ಮನವೋ ಬಸವಣ್ಣನ ಅನುಮಾನವೋ ಎಂದು ಕೇಳುತ್ತಾರೆ. ಆ ಅನುಮಾನದಲ್ಲೂ ಮಾನ ಕುಳಿತಿದೆ. ಪರೀಕ್ಷೆ ಮಾಡಿದವರು ಕಲ್ಯಾಣದ ಭಂಡಾರಿ, ಅಳೆಯುವುದು, ಲೆಕ್ಕ ಇಡುವುದು ಅವರ ಕಾಯಕ. ಲೆಕ್ಕದವರ ಲೆಕ್ಕವನ್ನು ಅಕ್ಕಿ ಬೇಯಿಸುವವರು ಹಿಡಿದರು. ತಂದುದನ್ನು ಅಲ್ಲಿಯೇ ಸುರಿದು ಬರಬೇಕೆಂಬುದು ಅವರ ತೀರ್ಪು. ಇಷ್ಟೆಲ್ಲ ಗದರಿದರೂ ಗಂಡನನ್ನು ಏಕವಚನದಲ್ಲಿ ಕರೆಯಲಿಲ್ಲ. ಗದರಿಕೆಯುದ್ದಕ್ಕೂ ಬಹುವಚನದ ಮರ್ಯಾದೆ ತಪ್ಪಿಲ್ಲ. ಈ ಪ್ರಸಂಗದ ಅರ್ಧ ಹಾಸ್ಯ ಆ ಮರ್ಯಾದೆಯಲ್ಲಿದೆ.

ಇನ್ನೊಂದು ವಚನದಲ್ಲಿ ಲಕ್ಕಮ್ಮನವರು ಅರಸರಿಗೂ ಒಂದು ಕಾಯಕವನ್ನು ಗೊತ್ತುಮಾಡುತ್ತಾರೆ. ಆಸೆ ಇರಬೇಕಾದದ್ದು ಅರಸನಿಗೆ, ಶಿವಭಕ್ತರಿಗೆ ಅದೇಕೆ ಎನ್ನುತ್ತಾರೆ. ರೋಷ ಇರಬೇಕಾದದ್ದು ಯಮದೂತರಿಗೆ. ಒಬ್ಬೊಬ್ಬರಿಗೆ ಒಂದೊಂದು ಕಸುಬು: ಮಡಿವಾಳನಿಗೆ ಒಗೆಯುವುದು, ಅಂಬಿಗನಿಗೆ ದಾಟಿಸುವುದು, ಯಮದೂತರಿಗೆ ಸಿಟ್ಟಾಗುವುದು, ಅರಸನಿಗೆ ಆಸೆಪಡುವುದು. ಅರಸು ಎಂಬುದರಲ್ಲಿ ಆಸೆಯ ದನಿಯನ್ನೂ, ಇಷ್ಟು ಅಕ್ಕಿ ಎಂಬುದರಲ್ಲಿ ಈಶ್ವರನ ದನಿಯನ್ನೂ ಅವರು ಕೂಡಿಸುತ್ತಾರೆ. ಅಕ್ಕಿ ಆಯುವವರ ಮನೆಯ ಹೆಣ್ಣುಮಗಳು ಸಿಂಹಾಸನವನ್ನು ಕಸುಬುಗಳ ಪಟ್ಟಿಗೆ ಸೇರಿಸಿದ್ದು, ಅದೂ ಕೀಳಾದ ಕಸುಬಾಗಿ ಸೇರಿಸಿದ್ದು, ಬಿಜ್ಜಳನ ರಾಜಧಾನಿಯಲ್ಲಿ ಎಂಬುದನ್ನು ಮರೆಯಬಾರದು. ಆ ಊರಿನಲ್ಲಿ ಮುಂದೆ ನಡೆದುದನ್ನು ಬಲ್ಲವರಿಗೆ ಆ ನಗೆ ಬಿಟ್ಟಿಯ ನಗೆಯಾಗಿರಲಿಲ್ಲವೆಂದು ತಿಳಿಯುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು. ಅವುಗಳನ್ನು ಸಂವಾದವಾಗಿ ಹೆಣೆದವರು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗಿನ ಶೂನ್ಯಸಂಪಾದನಕಾರರು. ಮಾರಯ್ಯನವರು ಮಾತಿನಲ್ಲಿ ಮೈಮರೆತದ್ದು, ಲಕ್ಕಮ್ಮನವರು ಸರಿಯಾದ ಗಳಿಗೆಗೆ ಬಂದು ನಿಂತದ್ದು, ಈ ನಾಟಕದ ಓಟದಲ್ಲಿ ಅವರ ಕೈವಾಡ ಇದ್ದೇ ಇದೆ. ಎಲ್ಲಿ ನಗಬೇಕೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಒಮ್ಮನ ಇಮ್ಮನಗಳ ಆಟವಾಗಲಿ, ಅರಸರ ಕಸುಬಿನ ಮಾತಾಗಲಿ ವಚನದ ಒಳಗಿನದು.

ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಮೇಲೆ ಈ ಹೆಸರುಗಳು ತಾಳೆಯೋಲೆಯಿಂದ ಅಚ್ಚಿಗೆ ಬಂದವು, 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಈಗ ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿ, ಫೆಬ್ರವರಿ 1ರಂದು ಮಡಿವಾಳ ಮಾಚಿದೇವರ ಜಯಂತಿ. ತಾಲ್ಲೂಕು ಕಚೇರಿಗಳಲ್ಲಿ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಒಂದು ಕೊರತೆಯನ್ನು ಮಾತ್ರ ಹೇಳಬೇಕು. ಒಂದೊಂದು ಜಯಂತಿಗೆ ಒಂದೊಂದು ಸಮಾಜದವರೇ ಸೇರುವುದು ಹೆಚ್ಚಾಗಿದೆ. ಕುಲದ ಹೆಸರನ್ನು ಕೆಲಸದ ಹೆಸರಾಗಿ ಬದಲಿಸಲು ಶರಣರು ನಗೆಯನ್ನು ಬಳಸಿದರು. ಆ ನಗೆ ಬಿಟ್ಟುಹೋದಲ್ಲಿ ಕೆಲಸದ ಹೆಸರು ಮತ್ತೆ ಕುಲದ ಹೆಸರಾಗಿ ಕುಳಿತಿದೆ. ದೋಣಿಯ ಹುಟ್ಟು ಮರೆತು ಜನ್ಮದ ಹುಟ್ಟು ಉಳಿದಿದೆ. ಈ ದೃಷ್ಟಿಯಿಂದ ಆಯ್ದಕ್ಕಿ ದಂಪತಿಗಳ ಹೆಸರು ವಿಶಿಷ್ಟವಾದುದು, ಏಕೆಂದರೆ ಅಕ್ಕಿ ಆಯುವುದು ಯಾವ ಕುಲದ ಕಸುಬೂ ಆಗಿರಲಿಲ್ಲ.

ಲಕ್ಕಮ್ಮನವರ ಹೆಸರಿನಲ್ಲಿ ದೊರೆತಿರುವ ವಚನಗಳು ಸುಮಾರು 25. ಲಕ್ಕ ಎಂಬುದರಲ್ಲಿ ಲಕ್ಷ್ಮಿಯೂ ಕೇಳುತ್ತಾಳೆ, ಲಕ್ಷವೂ ಕೇಳುತ್ತದೆ. ಆಯ್ದ ಅಕ್ಕಿಯಿಂದಲೇ ಅವರು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರೆಂದು ಕಥೆಯೂ ಇದೆ. ರಾಯಚೂರು ಸೀಮೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಹೇಳುತ್ತಿರಲಿಲ್ಲ. ಮದುವೆ, ಸೀಮಂತಗಳಲ್ಲಿ ಮುತ್ತೈದೆಯರು ಸುತ್ತುವರಿದು ಕೂತು ಹೆಸರು ಹೇಳೆಂದು ಕಾಡಿದಾಗ, ಮಾತಿಗೆ ಮಾತು ಪ್ರಾಸ ಕಟ್ಟಿ, ಒಡಪು ಹಾಕಿ, ಕೊನೆಯಲ್ಲಿ ನಾಚುತ್ತ ಹೆಸರನ್ನು ತೇಲಿಸಿ ಬಿಡುವುದು ರೂಢಿ. ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಕ್ಕಿ ಹೆಚ್ಚಾಯಿತೆಂದು ಗದರಿದ ವಚನವೂ, ಆಸೆ ನಿಮಗೇಕೆಂದು ಕೇಳಿದ ವಚನವೂ, ಕಾಯಕ ನಿಂತಿದೆ ಹೋಗಿರೆಂದು ಎಬ್ಬಿಸಿದ ವಚನವೂ ಗಂಡನ ಹೆಸರಿನಲ್ಲಿಯೇ ಮುಗಿಯುತ್ತವೆ, ಒಡಪಿನ ಹಾಗೆ.